ಬೈರಾಸಿನ ಹನ್ನೊಂದು ಪಟ್ಟಿಗಳು

ಶನಿವಾರ, ಫೆಬ್ರವರಿ 7. ಬರೆಯಲು ಕುಳಿತದ್ದು ಬೆಳಿಗ್ಗೆ 5.50ಕ್ಕೆ, ಅಲ್ ಖೌದ್‌ನ ನಮ್ಮ ಬಾಡಿಗೆ ಮನೆಯಲ್ಲಿ.

ಅವರು ಕಾಣೆಯಾಗಿ ಇಂದಿಗೆ 121 ದಿನ. ನಾನು ಹುಡುಕಲು ಹೋದ ಶುಕ್ರವಾರಗಳು 9. ಸಿಕ್ಕಿದ್ದು ಏನೂ ಇಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಗೆಂದು ಅವರ ಮಗಳು ಕೇಳಿಕೊಂಡಿದ್ದಾಳೆ. ನನಗೆ ಬೇಕಾಗಿರುವ ಉತ್ತರಕ್ಕೆ ಹೆಸರಿನ ಅಗತ್ಯವೂ ಇಲ್ಲ. ಆದರೆ ಆ ಉತ್ತರ ಕೊಡಬಲ್ಲವರಿಗೆ ಅವರು ಎಂಥ ಮನುಷ್ಯ ಎಂಬುದು ಗೊತ್ತಿರಬೇಕು. ಅದಕ್ಕಾಗಿ ಈ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಇನ್ನಿಬ್ಬರೊಂದಿಗೆ ಒಂದು ಕೋಣೆ ಹಂಚಿಕೊಂಡಿದ್ದರು. ಬೆಳ್ತಂಗಡಿ ಕಡೆಯವರು, ಮನೆಮಾತು ತುಳು, ವಯಸ್ಸು ಐವತ್ತೆಂಟು. ಮೊದಲ ಬಾರಿ ಕಂಡದ್ದು ಲಿಫ್ಟಿನಲ್ಲಿ. ಹೆಗಲಿಗೆ ಅಗಲವಾದ ಕಪ್ಪು ಚೀಲ ಹಾಕಿಕೊಂಡಿದ್ದರು. ಕನ್ನಡದವರೆಂದು ಗೊತ್ತಿದ್ದರಿಂದ ಸುಮ್ಮನೆ ಕೇಳಿದೆ.

"ಗಿಟಾರಾ ಅಂಕಲ್?"

"ಹೌದು. ಒಂದೇ ತಂತಿಯದ್ದು."

"ಒಂದು ತಂತೀಲಿ ಏನು ಬಾರಿಸ್ತೀರಾ?"

"ಬಾರಿಸುದು ಒಂದೇ ಸಲ ಮಾರಾಯ್ತಿ. ಕೇಳಿದವ ಮತ್ತೆ ಏಳುದಿಲ್ಲ."

ನಾನು ನಕ್ಕೆ, ಅವರು ನಗಲಿಲ್ಲ. ಚೀಲದಲ್ಲಿದ್ದದ್ದು ಕ್ರಾಸ್‌ಬೋ, ಬಂದೂಕಿನ ಹಾಗೆ ಭುಜಕ್ಕೆ ಇಟ್ಟುಕೊಂಡು ಬಾಣ ಬಿಡುವ ಅಡ್ಡಬಿಲ್ಲು. ಹೆದೆ ಬದಲಾಯಿಸಲು ಮನೆಗೆ ತಂದಿದ್ದರು.

ಅವರ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಇಲ್ಲಿನ ಧಣಿ, ಒಂದು ಸಣ್ಣ ಪ್ರವಾಸ ಕಂಪನಿಯ ಯಜಮಾನರು. ಈ ಅರಬ್ ದೇಶದಲ್ಲಿ ಕಾಡುಪ್ರಾಣಿಯ ಮೇಲೆ ಬಾಣ ಬಿಡುವಂತಿಲ್ಲ. ಬೇಟೆಗೆ ಅನುಮತಿಯಿರುವ ಚಳಿದೇಶಗಳಿಗೆ, ಅಲ್ಲಿನ ಹಂಗಾಮಿನಲ್ಲಿ, ಅಲ್ಲಿನ ಲೈಸೆನ್ಸ್ ಕೊಡಿಸಿ ಗಿರಾಕಿಗಳನ್ನು ಜಿಂಕೆ ಬೇಟೆಗೆ ಕಳಿಸುವುದು ಆ ಕಂಪನಿಯ ಕೆಲಸ. ಹೋಗುವವರು ಮೊದಲು ಕಲಿಯಬೇಕು. ಸುವೈಕ್‌ನಿಂದ ಒಳಗೆ, ಬೆಟ್ಟದ ಕಡೆಗಿರುವ ಒಂದು ಖರ್ಜೂರದ ತೋಟದಲ್ಲಿ ಅಭ್ಯಾಸದ ಜಾಗವಿತ್ತು. ಎತ್ತರದ ಗೋಡೆ, ಒಳಗೆ ಹುಲ್ಲು ತುಂಬಿದ ನಾಲ್ಕು ಜಿಂಕೆಗಳು, ಒಂದು ಕೊಠಡಿ, ಕೊಠಡಿಯಲ್ಲಿ ಬೀಗ ಹಾಕಿದ ಕಪಾಟು. ಬಿಲ್ಲುಗಳ ಯೋಗಕ್ಷೇಮ, ಬಾಣಗಳ ಎಣಿಕೆ, ಗಿರಾಕಿಗಳ ಪಾಠ ಮೂರೂ ಅವರದೇ. ಗಿರಾಕಿಗಳು ಅವರನ್ನು ಉಸ್ತಾದ್ ಎನ್ನುತ್ತಿದ್ದರು.

ನೋಡಲು ಬೇಟೆಯವರಂತೆ ಇರಲಿಲ್ಲ. ತೆಳ್ಳಗಿದ್ದರು. ಕನ್ನಡಕದ ಕಡ್ಡಿಗಳಿಗೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ತುಂಡು ಮೇಣ. ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಮಾತಾಡುವಾಗಲೂ ಬೆರಳುಗಳು ಆ ಮೇಣವನ್ನು ಉಜ್ಜುತ್ತಿದ್ದವು. ಹೆದೆಗೆ ಮೇಣ ಹಚ್ಚುವುದು ವಾರಕ್ಕೊಮ್ಮೆ. ಬಿಲ್ಲು ಬಳಸಿದ್ದರೂ ಸರಿ, ಬಳಸದಿದ್ದರೂ ಸರಿ.

"ಬಳಸದೇ ಇದ್ದದ್ದಕ್ಕೂ ಯಾಕೆ?" ಎಂದು ಕೇಳಿದ್ದೆ.

"ನೀನು ಶುಕ್ರವಾರ ಆಫೀಸಿಗೆ ಹೋಗುದಿಲ್ಲ ಅಂತ ಸ್ನಾನ ಬಿಡ್ತಿಯಾ?"

ಅವರ ಎಡ ಹೆಬ್ಬೆರಳಿಗೆ ತುದಿ ಇರಲಿಲ್ಲ. ಹೊಸ ಗಿರಾಕಿ ಬಂದರೆ ಬಿಲ್ಲಿಗಿಂತ ಮೊದಲು ಆ ಹೆಬ್ಬೆರಳನ್ನು ಅವನ ಮುಖದ ಮುಂದೆ ಹಿಡಿಯುತ್ತಿದ್ದರು. ಬಾಣ ಜಾರುವ ಹಳಿಯಿಂದ ಹೆಬ್ಬೆರಳು ಮೇಲೆ ಬಂದರೆ ಹೆದೆ ಅದನ್ನು ಕತ್ತರಿಸಿಕೊಂಡು ಹೋಗುತ್ತದೆ. "ನನಗೆ ಯಾರೂ ಹೇಳಿರ್ಲಿಲ್ಲ. ನಿಮಗೆ ನಾನು ಹೇಳಿದ್ದೇನೆ. ಖಲಾಸ್," ಎಂದು ಪಾಠ ಶುರು ಮಾಡುತ್ತಿದ್ದರು. ಹಿಂದಿ, ಅರಬಿ, ಕೈಸನ್ನೆ ಎಲ್ಲ ಬೆರೆತ ಪಾಠ.

ನಾನು ಬೌಷರ್‌ನ ಒಂದು ಕಚೇರಿಯಲ್ಲಿ ಕಾಗದಪತ್ರಗಳ ವಿಭಾಗದಲ್ಲಿದ್ದೇನೆ. ನಮೂನೆ, ಪಟ್ಟಿ, ಕ್ರಮಸಂಖ್ಯೆ ಇವೇ ನನ್ನ ದಿನ. ಮನೆಯಲ್ಲೂ ಡೈರಿ ಇಡುತ್ತೇನೆ, ಅದರಲ್ಲೂ ಎಣಿಕೆಗಳೇ ಹೆಚ್ಚು. ಅವರಿಗೆ ನನ್ನ ಮೇಲೆ ಅಕ್ಕರೆ ಬಂದದ್ದು ಇದರಿಂದ ಎಂದು ನನ್ನ ಊಹೆ. ಒಂದು ದಿನ ಕಾಗದಗಳ ಕಂತೆ ಹಿಡಿದು ಮೂರನೇ ಮಹಡಿಗೆ ಬಂದರು. ಒಂದೊಂದು ದೇಶದ ಬೇಟೆಯ ನಿಯಮಗಳು, ಎಲ್ಲ ಇಂಗ್ಲಿಷಿನಲ್ಲಿ.

"ನನ್ನ ಇಂಗ್ಲಿಷು ಬಸ್ ಸ್ಟಾಂಡಿನವರೆಗೆ ಮಾತ್ರ. ಇದನ್ನು ನೋಡಿ ಒಂದು ಲಿಸ್ಟ್ ಮಾಡಿ ಕೊಡ್ತಿಯಾ? ಟಿಕ್ ಹಾಕ್ಲಿಕ್ಕೆ ಬರುವ ಹಾಗೆ."

ಮೂರು ಸಂಜೆಗಳಲ್ಲಿ ಮುಗಿಸಿದೆ. ಇಪ್ಪತ್ತೆರಡು ಚೌಕಗಳ ಪಟ್ಟಿ. ಲೈಸೆನ್ಸ್ ಮೈಮೇಲೆ ಇದೆಯೇ. ಹಂಗಾಮಿನ ಮೊದಲ ಮತ್ತು ಕೊನೆಯ ದಿನ ಗೊತ್ತೇ. ಬೆಳಕಿರುವ ಹೊತ್ತು ಯಾವುದು. ಕಿತ್ತಳೆ ಬಣ್ಣದ ಅಂಗಿ ಇದೆಯೇ. ಹೆದೆಯಲ್ಲಿ ಎಳೆ ಬಿಟ್ಟಿದೆಯೇ. ಬಾಣದ ತುದಿಯ ಅಲಗು ಹರಿತವೇ. ಬಾಣವಿಲ್ಲದೆ ಟ್ರಿಗರ್ ಎಳೆಯಬಾರದೆಂದು ಹೇಳಲಾಗಿದೆಯೇ. ಬಾಣ ಹೂಡಿದ ಬಿಲ್ಲು ಹಿಡಿದು ಮರ ಹತ್ತಬಾರದೆಂದು ಹೇಳಲಾಗಿದೆಯೇ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಓದಿಸಿ ಕೇಳಿದರು. ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಕೆಳಗೆ ತಮ್ಮ ಕೈಯಿಂದಲೇ ಒಂದು ಚೌಕ ಬರೆದರು. ಅದರ ಮುಂದೆ ಕನ್ನಡದಲ್ಲಿ ಮೂರು ಪದ: ಹೊಡೆದವನೇ ಹುಡುಕಿ ಮುಗಿಸಬೇಕು.

"ಇದು ಯಾವ ದೇಶದ ನಿಯಮ ಅಂಕಲ್?"

"ಇದಕ್ಕೆ ದೇಶ ಇಲ್ಲ. ಇದು ಇಲ್ಲದೆ ಉಳಿದ ಇಪ್ಪತ್ತೆರಡು ಯಾಕೆ?"

ಅವರಿದ್ದಾಗ ತೋಟಕ್ಕೆ ನಾನು ಮೂರು ಸಲ ಹೋಗಿದ್ದೆ. ಮೊದಲ ಸಲ ಕಂಡದ್ದನ್ನು ಬರೆಯುತ್ತೇನೆ. ಅಂದು ಇಬ್ಬರು ಗಿರಾಕಿಗಳು. ಒಬ್ಬರು ವಯಸ್ಸಾದವರು, ಹೇಳಿದ್ದನ್ನು ತಲೆಯಾಡಿಸಿ ಕೇಳುತ್ತಿದ್ದರು. ಇನ್ನೊಬ್ಬ ಯಾವುದೋ ಕಂಪನಿಯ ದೊಡ್ಡ ಹುದ್ದೆಯವನು, ಹಿಂದಿ ಮಾತಾಡುತ್ತಿದ್ದ. ಅವನು ಐವತ್ತು ಹೆಜ್ಜೆ ದೂರದಿಂದ ಹುಲ್ಲಿನ ಜಿಂಕೆಯ ಮುಂಗಾಲಿನ ಹಿಂದಿನ ಚುಕ್ಕೆಗೆ ಸರಿಯಾಗಿ ಬಾಣ ನೆಟ್ಟ. ನಾನು ಚಪ್ಪಾಳೆ ತಟ್ಟಿದೆ. ಅಂಕಲ್ ನನ್ನನ್ನು ಒಮ್ಮೆ ನೋಡಿ ಅವನ ಬಳಿ ಹೋದರು.

"ಸಾಬ್, ಇನ್ನು ಮೇಲೆ ಮೂವತ್ತೇ ಹೆಜ್ಜೆ."

"ಯಾಕೆ? ತಾಗಿತಲ್ಲ."

"ಹುಲ್ಲಿನದ್ದು ಸಾಬ್, ಅದಕ್ಕೆ ಕಿವಿ ಇಲ್ಲ. ನಿಜವಾದದ್ದು ಹೆದೆಯ ಶಬ್ದ ಕೇಳಿ ಕುಗ್ತದೆ. ಬಾಣ ಮುಟ್ಟುವಷ್ಟರಲ್ಲಿ ಅದರ ಎದೆ ಇದ್ದ ಜಾಗದಲ್ಲಿ ಬೆನ್ನು ಇರ್ತದೆ. ಸಾಯುದಿಲ್ಲ, ಬದುಕುದೂ ಇಲ್ಲ."

ಆಮೇಲೆ ಇಬ್ಬರನ್ನೂ ನೆಲದ ಮೇಲೆ ಕೂರಿಸಿದರು. ಗಡಿಯಾರ ಬಿಚ್ಚಿ ಮುಂದಿಟ್ಟರು. ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಎದ್ದು ಹೋಗಬಾರದು. ಹಿಂದೆ ಹೋದರೆ ಗಾಯಗೊಂಡ ಪ್ರಾಣಿ ಭಯದಲ್ಲಿ ಮೈಲಿಗಟ್ಟಲೆ ಓಡುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಇದನ್ನು ಬಾಯಲ್ಲಿ ಹೇಳಿ ಮುಗಿಸಬಹುದಿತ್ತು. ಅವರು ಹುಲ್ಲಿನ ಜಿಂಕೆಯ ಮುಂದೆ, ಬಿಸಿಲಿನಲ್ಲಿ, ಮೂವತ್ತು ನಿಮಿಷ ಪೂರ್ತಿ ಕೂರಿಸುತ್ತಿದ್ದರು. ಮಾತಿಲ್ಲ, ಫೋನಿಲ್ಲ. ಹನ್ನೊಂದನೇ ನಿಮಿಷಕ್ಕೆ ಹುದ್ದೆಯವನು ಎದ್ದು ಪ್ಯಾಂಟು ಕೊಡವಿದ.

"ಉಸ್ತಾದ್, ಇದು ಹುಲ್ಲು. ಹುಲ್ಲು ಸಾಯೋದನ್ನು ಕಾಯಬೇಕಾ?"

"ಸಬರ್, ಸಾಬ್, ಸಬರ್. ತಾಳ್ಮೆ ಬೇಕು."

ಅವನು ಕಾರಿನ ಕಡೆ ನಡೆದ. ವಯಸ್ಸಾದವರು ಕುಳಿತೇ ಇದ್ದರು. ಮೂವತ್ತನೇ ನಿಮಿಷಕ್ಕೆ ಅಂಕಲ್ ಗಡಿಯಾರ ಕಟ್ಟಿಕೊಂಡು ಇಬ್ಬರ ಪಟ್ಟಿ ತೆಗೆದರು. ಹಿರಿಯರದಕ್ಕೆ ಸಹಿ ಹಾಕಿದರು. ಇನ್ನೊಂದನ್ನು ಮಡಿಚಿ ಜೇಬಿಗಿಟ್ಟರು. ಆ ವಾರ ಕಫೀಲ್ ಅವರನ್ನು ಕರೆಸಿ ಬೈದರಂತೆ. "ಬೈದ್ರು. ಆದ್ರೆ ಸಹಿ ಹಾಕು ಅಂತ ಹೇಳ್ಲಿಲ್ಲ. ಅವರು ಒಳ್ಳೆಯವರು," ಎಂದರು.

ಈ ಕಟ್ಟುನಿಟ್ಟಿನ ಮೂಲ ನನಗೆ ತಿಳಿದದ್ದು ತಡವಾಗಿ, ಅದೂ ಒಂದೇ ಸಲ. ಮೆಟ್ಟಿಲ ಮೇಲೆ ಕೋಳಿ ಸುಕ್ಕದ ಡಬ್ಬಿ ತೊಡೆಯಲ್ಲಿಟ್ಟುಕೊಂಡು ತಿನ್ನುತ್ತಿದ್ದರು. ಪ್ರಾಣಿಯ ನೋವಿಗೆ ಇಷ್ಟು ಮರುಗುವ ಉಸ್ತಾದ್ ಸಸ್ಯಾಹಾರಿಯಿರಬಹುದೆಂದು ನಾನು ಅಂದುಕೊಂಡಿದ್ದೆ ಎಂದಾಗ ಜೋರಾಗಿ ನಕ್ಕು, "ನಮ್ಮ ಮನೆಗೆ ಬಾ, ನನ್ನ ಹೆಂಡತಿಯ ಕೋಳಿ ತಿಂದವರು ಸಸ್ಯಾಹಾರ ಮರೀತಾರೆ" ಎಂದರು. ನಗು ನಿಂತ ಮೇಲೆ ತಾವಾಗಿಯೇ ಹೇಳಿದರು.

ಹಲವು ವರ್ಷಗಳ ಹಿಂದೆ ಒಬ್ಬ ಗಿರಾಕಿಯ ಸಾಮಾನು ಹೊರಲು ಚಳಿದೇಶಕ್ಕೆ ಹೋಗಿದ್ದರಂತೆ. ಸಂಜೆ ಬೆಳಕು ಆರುವ ಹೊತ್ತಿಗೆ ಗಿರಾಕಿ ದೂರದಿಂದ ಬಾಣ ಬಿಟ್ಟ. ಹೊಟ್ಟೆಗೆ ತಾಗಿತು. ಹಿಮದ ಮೇಲೆ ರಕ್ತದ ಗುರುತು ಕಾಣುತ್ತಿತ್ತು. ಗಿರಾಕಿಗೆ ಚಳಿ, ಹಸಿವು. ಬೆಳಿಗ್ಗೆ ಹುಡುಕೋಣ ಎಂದ. "ನಾನು ಹೋಗ್ತೇನೆ ಅಂತ ಹೇಳ್ಬಹುದಿತ್ತು. ಹೇಳ್ಲಿಲ್ಲ. ಕಾರಿನಲ್ಲಿ ಹೀಟರ್ ಇತ್ತು, ಕೂತೆ."

"ಬೆಳಿಗ್ಗೆ ಸಿಕ್ತಾ?"

"ಸಿಕ್ಕಿತು. ಜೀವ ಇತ್ತು."

ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದರು.

ಮೂರನೇ ಭೇಟಿಯಲ್ಲಿ ಅವರು ನನಗೆ ಜಾಡು ಹಿಡಿಯುವುದನ್ನು ಕಲಿಸಿದರು. ಪಟ್ಟಿ ಬರೆದವಳಿಗೆ ಇಪ್ಪತ್ತಮೂರನೆಯ ಚೌಕದ ಅರ್ಥ ಗೊತ್ತಿರಬೇಕು ಎಂದರು. ಬಾಟಲಿಯಿಂದ ದಾಳಿಂಬೆ ಶರಬತ್ತಿನ ಹನಿಗಳನ್ನು ತೋಟದುದ್ದಕ್ಕೂ ಚಿಮುಕಿಸಿದರು. ಹನಿ ಕಂಡಲ್ಲಿ ಹತ್ತಿರದ ಗಿಡಕ್ಕೆ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಬೇಕು. ಗುರುತಿನ ಮೇಲೆ ನಡೆಯಬಾರದು, ಪಕ್ಕದಲ್ಲಿ ನಡೆಯಬೇಕು. ಹೊಸ ಪಟ್ಟಿಯ ಬಳಿ ನಿಂತರೆ ಹಿಂದಿನದು ಕಾಣಬೇಕು. ಮುಂದಿನ ಹನಿ ಸಿಗದಿದ್ದರೆ ಕೊನೆಯ ಪಟ್ಟಿಗೆ ಮರಳಿ ಅಲ್ಲಿಂದ ಸುತ್ತು ಹಾಕಿ ಹುಡುಕಬೇಕು.

"ಪ್ಲಾಸ್ಟಿಕ್ ಟೇಪ್ ಕಟ್ಟಿದ್ರೆ ಇನ್ನೂ ಚೆನ್ನಾಗಿ ಕಾಣಲ್ವಾ?" ಎಂದೆ.

"ಕಾಣ್ತದೆ. ಮರೆತು ಬಂದ್ರೆ ನೂರು ವರ್ಷ ಅಲ್ಲೇ ಕಸ ಆಗಿ ಇರ್ತದೆ. ಹತ್ತಿ ಆದ್ರೆ ಮಳೆಗೆ ಕರಗಿ ಹೋಗ್ತದೆ."

ಅಂದು ಕೊಟ್ಟದ್ದು ಹಳೆಯ ಬೆಡ್‌ಶೀಟಿನ ಬಿಳಿ ಪಟ್ಟಿಗಳು. ನಾನು ಒಂಬತ್ತು ಕಟ್ಟಿ ಜಾಡಿನ ಕೊನೆ ಮುಟ್ಟಿದೆ. ಖುಷಿಯಿಂದ ಕೊಠಡಿಯ ಕಡೆ ಓಡಿ ಬಂದಾಗ ಅವರು ತಡೆದರು.

"ಎಲ್ಲಿಗೆ? ಪಟ್ಟಿ ಬಿಚ್ಚುದು ಯಾರು? ಸಿಕ್ಕಿದ ಮೇಲೆ ಬಿಚ್ಚಿಕೊಂಡೇ ವಾಪಸ್ ಬರ್ಬೇಕು. ಕಟ್ಟಿದ್ದು ಹಾಗೇ ಉಂಟು ಅಂದ್ರೆ ಹೋದವ ಇನ್ನೂ ಬರ್ಲಿಲ್ಲ ಅಂತ ಲೆಕ್ಕ."

ಈ ಮಾತನ್ನು ನಾನು ಅಂದಿನ ಡೈರಿಯಲ್ಲಿ ಹೀಗೆಯೇ ಬರೆದುಕೊಂಡಿದ್ದೇನೆ. ಕೆಳಗೆ ಗೆರೆಯನ್ನೂ ಎಳೆದಿದ್ದೇನೆ.

ತೋಟದಿಂದ ಸುಮಾರು ಎರಡು ಕಿಲೋಮೀಟರ್ ಮೇಲೆ ಒಂದು ಒಣ ವಾದಿ ಇದೆ. ಮಳೆ ಬಂದಾಗ ಮಾತ್ರ ಹರಿಯುವ, ಕಲ್ಲು ತುಂಬಿದ ಹಳ್ಳ. ವಾಹನ ನಿಲ್ಲಿಸುವ ಬಯಲಿನಿಂದ ಮುಂದೆ ಅದು ಮೂರು ಕವಲಾಗಿ ಬೆಟ್ಟದೊಳಗೆ ಸೇರುತ್ತದೆ. ಆ ಕಡೆ ಜಿಂಕೆಯಂಥ ಚಿಗರೆಗಳಿವೆ. ಅವರು ಬೆಳಿಗ್ಗೆ ಕಂಡದ್ದನ್ನು ನನಗೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಪಿಕ್ನಿಕ್ಕಿಗೆ ಬರುವವರು ಬಿಟ್ಟುಹೋದ ಚೀಲಗಳನ್ನು ಅವು ತಿನ್ನುತ್ತವೆ ಎಂದು ಅವರಿಗೆ ಸಂಕಟ. ನಮ್ಮ ಕನ್ನಡ ಬಳಗ ವರ್ಷಕ್ಕೆ ಎರಡು ಸಲ ಎಲ್ಲಾದರೂ ಕಸ ಹೆಕ್ಕಲು ಹೋಗುತ್ತದೆ. "ಈ ಸಲ ಅಲ್ಲಿಗೆ ಕರ್ಕೊಂಡು ಬಾ. ನಾನೂ ಬರ್ತೇನೆ," ಎಂದರು. ಶುಕ್ರವಾರ, ಅಕ್ಟೋಬರ್ 10 ಎಂದು ಗೊತ್ತು ಮಾಡಿದೆ. ಜಾಗ ಅವರು ಹೇಳಿದ್ದು, ದಿನ ನಾನು ಹೇಳಿದ್ದು.

ಗುರುವಾರ, ಅಕ್ಟೋಬರ್ 9, ಮಧ್ಯಾಹ್ನ 3.10ಕ್ಕೆ ಅವರ ಧ್ವನಿ ಸಂದೇಶ ಬಂತು. ಅದು ಈಗಲೂ ನನ್ನ ಫೋನಿನಲ್ಲಿದೆ. "ಆರು ಹೋದದ್ದು, ಐದು ಬಂದದ್ದು. ಒಂದು ಬಾಣ ಹುಡುಕ್ಲಿಕ್ಕುಂಟು. ನಾನು ಇವತ್ತು ತೋಟದಲ್ಲೇ ಇರ್ತೇನೆ. ಬೆಳಿಗ್ಗೆ ವಾದಿಯಲ್ಲಿ ಸಿಗುವ. ಟೋಪಿ ಹಾಕ್ಕೊಂಡು ಬಾ."

ಅಭ್ಯಾಸದ ಬಾಣಗಳು ಆಗಾಗ ಮರಳಿನಲ್ಲಿ ಹುದುಗಿ ಹೋಗುತ್ತಿದ್ದವು. ಇದೂ ಹಾಗೆಯೇ ಎಂದುಕೊಂಡೆ. ಸರಿ ಎಂದು ಹೆಬ್ಬೆರಳಿನ ಚಿತ್ರ ಕಳಿಸಿದೆ.

ಶುಕ್ರವಾರ ಬೆಳಿಗ್ಗೆ 6.40ಕ್ಕೆ ವಾದಿಯ ಬಯಲಿನಲ್ಲಿ ಗುಂಪು ಫೋಟೋ ತೆಗೆದೆವು. ಹಾಜರಿ ಹಾಳೆಯಲ್ಲಿ 34 ಸಹಿ. ಅಂಕಲ್ ಬಂದಿರಲಿಲ್ಲ. ಅವರ ಹೆಸರಿನ ಮುಂದೆ 'ಗೈರು' ಎಂದು ಬರೆದೆ. ಫೋನ್ ಮಾಡೋಣವೆಂದರೆ ಅಲ್ಲಿ ಸಿಗ್ನಲ್ ಇರಲಿಲ್ಲ. ಬಾಣ ಹುಡುಕಿ ಸುಸ್ತಾಗಿ ಮಲಗಿರಬೇಕು ಎಂದು ಯಾರಿಗೋ ಹೇಳಿದ್ದು ನೆನಪಿದೆ.

ಐದು ತಂಡಗಳು ಹೊರಟವು. ನಾನು ಬೋರೆಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಡೈರಿ ತೆರೆದು ಕುಳಿತೆ. ತುಂಬಿದ ಚೀಲಕ್ಕೆ ತಂಡದ ಸಂಖ್ಯೆಯ ಚೀಟಿ ಅಂಟಿಸಿ ತರಬೇಕು, ಉಡುಪಿಯ ಸುಜಾತಕ್ಕ ಕೈಗವಸು ಹಾಕಿಕೊಂಡು ಚೀಲ ಬಿಚ್ಚಿ ಎಣಿಸಿ ಕೂಗಬೇಕು, ನಾನು ಬರೆಯಬೇಕು. ಬಾಟಲಿ ಇಷ್ಟು, ಡಬ್ಬಿ ಇಷ್ಟು, ಚಮಚ ಇಷ್ಟು. ಬಿಸಿಲು ಏರುತ್ತಿತ್ತು. 8.20ಕ್ಕೆ ಹತ್ತೊಂಬತ್ತನೆಯ ಚೀಲ.

"ಚೀಟಿ ಇಲ್ಲ ಇದಕ್ಕೆ. ಯಾರ ಚೀಲ ಇದು?" ಸುಜಾತಕ್ಕ ಸುತ್ತ ನೋಡಿದರು. ಯಾರೂ ಇರಲಿಲ್ಲ.

"ಇರಲಿ ಅಕ್ಕ, ಎಣಿಸಿ."

"ಬಾಟಲಿ ಇಪ್ಪತ್ತಮೂರು. ಜ್ಯೂಸ್ ಪ್ಯಾಕೆಟ್ ಒಂಬತ್ತು. ಇದೆಂತ ಇದು? ಬಟ್ಟೆ ಪಟ್ಟಿ. ಅಯ್ಯೋ, ಬೈರಾಸಿನ ತುಂಡು ಮಾರಾಯ್ತಿ! ಇಲ್ಲಿ ಯಾರು ಬೈರಾಸು ಹರಿದು ತೋರಣ ಕಟ್ಟಿದ್ದು, ಯಾರ ಮದುವೆ?"

ಮೈಸೂರಿನವಳಾದ ನನಗೆ ಬೈರಾಸು ಎಂದರೇನೆಂದು ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು. ಕರಾವಳಿಯ ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ, ಕೆಂಪು ಚೌಕುಳಿಯ ತೆಳು ಹತ್ತಿ ಟವೆಲು. ಇಬ್ಬರೂ ನಕ್ಕೆವು. ಮೇಜಿನ ಮುಂದೆ ಇನ್ನೂ ಮೂರು ಚೀಲಗಳಿದ್ದವು.

"ಎಷ್ಟು ಅಕ್ಕ?"

"ಹನ್ನೊಂದು."

ಬರೆದೆ. ಚೀಲ 19, ಚೀಟಿ ಇಲ್ಲ, ಬಟ್ಟೆ ಚೂರು 11. ಮುಂದಿನ ಚೀಲ ಎಂದು ಕರೆದೆ. 9.30ಕ್ಕೆ ಎಲ್ಲ ಮುಗಿಯಿತು. ಚೀಲಗಳನ್ನು ಲಾರಿಗೆ ಹಾಕಿದೆವು. ಊರಿಗೆ ಒಳ್ಳೆಯದು ಮಾಡಿದ್ದೇವೆಂದು ಇಡ್ಲಿ ತಿಂದೆವು.

ಅವರು ಇಲ್ಲವೆಂದು ತಿಳಿದದ್ದು ಭಾನುವಾರ. ಕೋಣೆಯವರು ಅವರು ತೋಟದಲ್ಲಿದ್ದಾರೆಂದು ತಿಳಿದಿದ್ದರು. ತೋಟದ ಬಂಗಾಳಿ ಕಾವಲುಗಾರ ಅವರು ಶುಕ್ರವಾರ ವಾದಿಯಿಂದಲೇ ನಮ್ಮ ಜೊತೆ ಅಲ್ ಖೌದ್‌ಗೆ ಹೋದರೆಂದು ತಿಳಿದಿದ್ದ. ಕಫೀಲ್ ತಾವೇ ಪೊಲೀಸರಿಗೆ ತಿಳಿಸಿದರು, ಅಂದೇ ಹುಡುಕಾಟ ಶುರುವಾಯಿತು. ನಾನು ರಜೆ ಹಾಕಿ ಮಂಗಳವಾರ ತೋಟಕ್ಕೆ ಹೋದೆ.

ಕಾವಲುಗಾರ ಹೇಳಿದ್ದು ಇಷ್ಟು. ಬುಧವಾರ ಒಬ್ಬ ಗಿರಾಕಿ ತನ್ನದೇ ಬಿಲ್ಲಿನ ಅಭ್ಯಾಸಕ್ಕೆಂದು ಆರು ಬಾಣಗಳ ಪೆಟ್ಟಿಗೆ ಪಡೆದಿದ್ದ. ಗುರುವಾರ ಬೆಳಿಗ್ಗೆ ಐದು ಹಿಂತಿರುಗಿಸಿದ, ಒಂದು ಮರಳಿನಲ್ಲಿ ಹೋಯಿತೆಂದ. ಮಧ್ಯಾಹ್ನ ಕಾವಲುಗಾರ ಮೇಕೆಗಳಿಗೆ ಸೊಪ್ಪು ತರಲು ಹೋದಾಗ ವಾದಿಯ ಬಳಿ ಕುಂಟುವ ಚಿಗರೆಯನ್ನು ಕಂಡ. ತೊಡೆಯಲ್ಲಿ ಏನೋ ನೆಟ್ಟಿತ್ತು, ಅದರ ಹಿಂಬದಿ ಹಳದಿ. ಅವರ ಬಾಣಗಳಿಗೆಲ್ಲ ಅವರೇ ಹಳದಿ ಬಣ್ಣ ಬಳಿದಿದ್ದರು. ಕಾವಲುಗಾರ ಬಂದು ಅವರಿಗೆ ಹೇಳಿದ. 3.40ಕ್ಕೆ ನೀರಿನ ಬಾಟಲಿ, ಒಂದು ಹಗ್ಗ ಹಿಡಿದು ಹೊರಟರು. ಬಿಲ್ಲು ಒಯ್ಯಲಿಲ್ಲ. "ಸಿಕ್ಕಿದ್ರೆ ಕಾಡುಪ್ರಾಣಿ ಇಲಾಖೆಯವರಿಗೆ ಫೋನ್ ಮಾಡ್ತೇನೆ, ಅವರು ಡಾಕ್ಟರನ್ನು ಕರ್ಕೊಂಡು ಬರ್ಲಿ" ಎಂದರಂತೆ.

ಕೊಠಡಿಯಲ್ಲಿ ಕಪಾಟಿನ ಬೀಗ ಹಾಕಿಯೇ ಇತ್ತು. ಪಕ್ಕದ ಮೊಳೆಗೆ ಒಂದು ಬೈರಾಸು ನೇತಾಡುತ್ತಿತ್ತು. ಅರ್ಧಕ್ಕಿಂತ ಕಡಿಮೆ. ಹರಿದ ಅಂಚಿನಿಂದ ಕೆಂಪು ಎಳೆಗಳು ಜೋಲುತ್ತಿದ್ದವು.

ನಾನು ಅದನ್ನು ಮುಟ್ಟಲಿಲ್ಲ. ಹೊರಗೆ ಬಂದು ಹುಲ್ಲಿನ ಜಿಂಕೆಯ ಪಕ್ಕ ಕುಳಿತುಕೊಂಡು ಚೀಲದಿಂದ ಡೈರಿ ತೆಗೆದೆ. ಹತ್ತೊಂಬತ್ತನೆಯ ಚೀಲದ ಸಾಲು ಓದಿದೆ. ಆಮೇಲೆ ಎದ್ದು ಪೊಲೀಸರ ಬಳಿ ಹೋಗಿ ಹೇಳಿದೆ. ಪುಟ ತೋರಿಸಿದೆ. ಅಲ್ಲಿನ ಅಧಿಕಾರಿ ಕನ್ನಡ ಅಂಕಿ ಅರ್ಥವಾಗದೆ ನನ್ನ ಮುಖ ನೋಡಿದರು.

ಹನ್ನೊಂದು ಪಟ್ಟಿ ಎಂದರೆ ಬೆಟ್ಟದ ಕಡೆ ಎಳೆದ ಒಂದು ಗೆರೆ. ಮೂರು ಕವಲುಗಳಲ್ಲಿ ಅವರು ಯಾವುದನ್ನು ಹಿಡಿದರೆಂದು ಆ ಗೆರೆ ಹೇಳುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅದು ಗಿಡಗಳ ಮೇಲೆ ಹಾಗೆಯೇ ಇತ್ತು, ಅಂದರೆ ಅವರು ಇನ್ನೂ ಮರಳಿರಲಿಲ್ಲ. ಬಿದ್ದಿದ್ದರೋ, ಕಾಲು ಸಿಕ್ಕಿಕೊಂಡಿತ್ತೋ, ನೀರು ಮುಗಿದಿತ್ತೋ. ನಾವು ಮೂವತ್ತಕ್ಕೂ ಹೆಚ್ಚು ಜನ ಅಲ್ಲಿದ್ದೆವು. ನಮ್ಮ ಬಳಿ ನೀರಿತ್ತು, ಕಾರುಗಳಿದ್ದವು, ಒಬ್ಬ ನರ್ಸ್ ಇದ್ದರು. ಆ ಗೆರೆಯನ್ನು ಉಂಡೆ ಮಾಡಿ ಚೀಲಕ್ಕೆ ಹಾಕಿದೆವು.

ಪೊಲೀಸರು, ಸುತ್ತಲಿನ ಊರವರು, ಕಫೀಲ್ ಮತ್ತು ಅವರ ತಮ್ಮಂದಿರು ಮೂರು ಕವಲುಗಳಲ್ಲೂ ಹಂಚಿಹೋಗಿ ಹುಡುಕಿದರು. ಮೇಲೆ ಹೋದಂತೆ ಒಂದೊಂದು ಕವಲೂ ಮತ್ತೆ ಒಡೆಯುತ್ತದೆ, ಬಂಡೆಗಳ ನಡುವೆ ಆಳವಾದ ಕೊರಕಲುಗಳಿವೆ. ಚಿಗರೆಯೂ ಸಿಗಲಿಲ್ಲ. ಅಕ್ಟೋಬರ್ 22ರಂದು ಬೆಟ್ಟದ ಮೇಲೆ ಮಳೆಯಾಗಿ ವಾದಿ ತುಂಬಿ ಹರಿಯಿತು. ನೀರು ಇಳಿದ ಮೇಲೆ ಬಯಲಿನ ಕಲ್ಲುಗಳೇ ಜಾಗ ಬದಲಿಸಿದ್ದವು.

ಬಾಣ ಬಿಟ್ಟದ್ದು ಯಾರೆಂದು ಪೊಲೀಸರು ವಿಚಾರಿಸುತ್ತಿದ್ದಾರೆ. ಅದು ಅವರ ಕೆಲಸ. ನನ್ನ ಕೆಲಸ ಬೇರೆ.

ಊರಿನಿಂದ ಅದೇ ಅಳತೆಯ ಬೈರಾಸು ತರಿಸಿ ಎರಡು ಬೆರಳಗಲ ಹರಿದು ನೋಡಿದೆ. ಇಪ್ಪತ್ತೆರಡು ಪಟ್ಟಿ ಬಂದವು. ಮೊಳೆಯಲ್ಲಿದ್ದ ತುಂಡಿನಲ್ಲಿ ಎಂಟು ಆಗಬಹುದು. ಹಾಗಾದರೆ ಅವರು ಒಯ್ದದ್ದು ಹದಿನಾಲ್ಕು. ಚೀಲದಲ್ಲಿ ಹನ್ನೊಂದು. ಉಳಿದ ಮೂರು ಅವರ ಜೇಬಿನಲ್ಲಿರಬಹುದು, ಅಥವಾ ಇನ್ನೂ ಮೇಲೆ ಯಾವುದೋ ಜಾಲಿಗೆ ಕಟ್ಟಿರಬಹುದು.

ಅವರ ಮಗಳು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊದಮೊದಲು "ಅಕ್ಕಾ, ಎಂತಾದ್ರೂ ಗೊತ್ತಾಯ್ತಾ?" ಎನ್ನುತ್ತಿದ್ದಳು. ಕಳೆದ ವಾರ ಬೇರೆ ಮಾತು ಕೇಳಿದಳು.

"ಅಮ್ಮ ಕೇಳ್ತಾರೆ ಅಕ್ಕಾ, ಬೊಜ್ಜ ಮಾಡುದಾ, ಕಾಯುದಾ ಅಂತ. ಮನೆಯ ಹಿರಿಯರು ಮಾಡಿ ಮುಗಿಸಿ ಅಂತಾರೆ. ಅಮ್ಮ ಒಪ್ಪುದಿಲ್ಲ. ಕಾಣದೆ ಹೇಗೆ ಮಾಡುದು ಅಂತಾರೆ."

ಬೊಜ್ಜ ಎಂದರೆ ಸತ್ತವರಿಗೆ ತುಳುವರು ಮಾಡುವ ಉತ್ತರಕ್ರಿಯೆ. "ನಾನು ಇನ್ನೂ ಹುಡುಕ್ತಾ ಇದೀನಿ" ಎಂದೆ. "ಅಪ್ಪನ ಹಾಗೇ ಹೇಳ್ತೀರಿ" ಎಂದು ಫೋನ್ ಇಟ್ಟಳು.

ಹಾಜರಿ ಹಾಳೆಯ 34 ಮಂದಿಗೂ ಫೋನ್ ಮಾಡಿ ಕೇಳಿದ್ದೇನೆ. ಪಟ್ಟಿ ಬಿಚ್ಚಿದವರು ಅವರಲ್ಲಿ ಯಾರೂ ಇಲ್ಲ. ಆದರೆ 6.40ರ ಫೋಟೋದಲ್ಲಿ ತಲೆಗಳು 36 ಇವೆ. ಎಡತುದಿಯಲ್ಲಿ ಬೂದು ಟೋಪಿಯ ಒಬ್ಬರು, ಅವರ ಪಕ್ಕದಲ್ಲಿ ಹಸಿರು ದುಪಟ್ಟಾದ ಒಬ್ಬರು, ಇಬ್ಬರೂ ಬೆಟ್ಟದ ಕಡೆ ತಿರುಗಿ ನಿಂತಿದ್ದಾರೆ, ಮುಖ ಕಾಣುವುದಿಲ್ಲ. ತಡವಾಗಿ ಬಂದದ್ದರಿಂದ ಸಹಿ ಹಾಕಿಲ್ಲ. ಮೂರನೇ ತಂಡದವರು ಹೇಳುವಂತೆ ಅವರದು ಮಂಗಳೂರು ಕಡೆಯ ಮಾತು. ತಂಡಕ್ಕಿಂತ ಮುಂದೆ ಹೋಗಿ ಬೇಗನೆ ಮರಳಿ, ಮಗುವಿನ ಕ್ಲಾಸಿದೆ ಎಂದು ಚೀಲವನ್ನು ಮೇಜಿನ ಬಳಿ ಇಟ್ಟು ಹೊರಟರಂತೆ.

ನೀವಿಬ್ಬರೂ ಇದನ್ನು ಓದುತ್ತಿರಬಹುದು, ಅಥವಾ ನಿಮ್ಮನ್ನು ಬಲ್ಲವರು ಓದುತ್ತಿರಬಹುದು. ನಿಮ್ಮ ತಪ್ಪಿಲ್ಲ. ಕಟ್ಟಿದ ಪಟ್ಟಿಯ ಅರ್ಥ ನಿಮಗೆ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದರು. ಕಸ ಹೆಕ್ಕಲು ಕರೆದವಳೂ ನಾನೇ, ಎಣಿಸಿ ಬರೆದವಳೂ ನಾನೇ.

ಮೊದಲ ಪಟ್ಟಿ ಯಾವ ಗಿಡದಲ್ಲಿತ್ತು, ಕೊನೆಯದು ಎಲ್ಲಿತ್ತು, ಅಲ್ಲಿಂದ ಮುಂದೆ ಇನ್ನೂ ಕೆಂಪು ಕಂಡಿತ್ತೇ, ಇವುಗಳಲ್ಲಿ ನೆನಪಿರುವುದನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅಷ್ಟು ನೆನಪಿಲ್ಲದಿದ್ದರೆ ನೀವು ನಡೆದ ಕವಲು ಯಾವುದೆಂದು ಬರೆಯಿರಿ. ಎಡದ್ದೋ, ನಡುವಿನದ್ದೋ, ಬಲದ್ದೋ. ಒಂದೇ ಪದ ಸಾಕು.